ಹೂವಿನ ಚಿತ್ರ: ಹಂಪೆಯ ಛಾವಣಿಯಿಂದ ಕಾಗದದ ಹಾಳೆಗೆ

ಹೊಸಪೇಟೆಯ ಪೇಟೆಬೀದಿಯಲ್ಲಿ ಸೂರ್ಯೋದಯಕ್ಕೆ ಮುನ್ನವೇ ಹೂವಾಡಿಗರು ತಮ್ಮ ಬುಟ್ಟಿಗಳನ್ನು ಇಳಿಸುತ್ತಾರೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಚೆಂಡುಹೂವು, ಮರುಗ, ಬಿಲ್ವಪತ್ರೆ ಮೊದಲಾದುವು ಬೆಳಗಿನ ಜಾವದಲ್ಲಿ ಮೊಳದ ಲೆಕ್ಕದಲ್ಲಿ ಅಳೆಯಲ್ಪಟ್ಟು, ದೇವರ ಪೀಠವನ್ನೂ ಸ್ತ್ರೀಯರ ಮುಡಿಯನ್ನೂ ಸೇರಿ, ಮರುದಿನದ ಹೊತ್ತಿಗೆ ನಿರ್ಮಾಲ್ಯವಾಗಿ ಹೊರಬೀಳುತ್ತವೆ. ಹೂವಿನ ಆಯುಸ್ಸು ಅಷ್ಟೇ. ಅದನ್ನು ಬಾಡದಂತೆ ಉಳಿಸಿಕೊಳ್ಳುವ ಆಸೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದ್ದಿತು. ಆ ಆಸೆಯಿಂದಲೇ ಶಿಲ್ಪಿಯು ಕಲ್ಲಿನಲ್ಲಿಯೂ, ಅಕ್ಕಸಾಲೆಯು ಚಿನ್ನದಲ್ಲಿಯೂ, ಚಿತ್ರಕಾರನು ಬಣ್ಣದಲ್ಲಿಯೂ ಹೂವನ್ನು ಮಾಡಿದರು. ಈ ಮೂವರಲ್ಲಿ ಚಿತ್ರಕಾರನ ಸಾಧನವೇ ಅತ್ಯಂತ ಅಲ್ಪವಾದದ್ದು: ಒಂದಿಷ್ಟು ನೀರು, ಒಂದಿಷ್ಟು ಬಣ್ಣದ ಪುಡಿ, ಅದನ್ನು ಹಿಡಿದು ನಿಲ್ಲಿಸುವ ಅಂಟು, ಒಂದು ಕುಂಚ. ಈ ಅಲ್ಪಸಾಧನದಿಂದ ಕನ್ನಡನಾಡಿನಲ್ಲಿ ಹೂವಿನ ಚಿತ್ರವು ಹೇಗೆ ನಡೆದುಬಂದಿತೆಂಬುದೂ, ಆ ನಡೆಯಲ್ಲಿ ಏನು ದೊರೆಯಿತು, ಏನು ಕಳೆದುಹೋಯಿತೆಂಬುದೂ ವಿಚಾರಾರ್ಹವಾಗಿದೆ.

ತುಂಗಭದ್ರೆಯ ಈ ತೀರದಲ್ಲಿ ಹೂವಿನ ಮಾತನ್ನು ಎತ್ತಿದವರು ಪರದೇಶದ ಯಾತ್ರಿಕರನ್ನು ನೆನೆಯದೆ ಇರಲಾಗದು. ಪ್ರೌಢದೇವರಾಯನ ಕಾಲದಲ್ಲಿ, ಕ್ರಿ. ಶ. ೧೪೪೩ರಲ್ಲಿ, ಪಾರಸಿಕದೇಶದ ಶಾರುಖ್ ದೊರೆಯ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು, ಪಟ್ಟಣದ ಅಂಗಡಿಗಳಲ್ಲಿ ಎಲ್ಲೆಲ್ಲಿಯೂ ಗುಲಾಬಿ ಹೂಗಳು ಮಾರಲ್ಪಡುತ್ತಿದ್ದುದನ್ನು ಕಂಡು, ಈ ಜನರಿಗೆ ಅನ್ನವೆಷ್ಟು ಅವಶ್ಯವೋ ಹೂವೂ ಅಷ್ಟೇ ಅವಶ್ಯವೆಂಬ ಅಭಿಪ್ರಾಯವನ್ನು ಬರೆದಿಟ್ಟನು. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸನು ಅರಮನೆಯ ಒಂದು ಕೋಣೆಯನ್ನು ವರ್ಣಿಸುತ್ತ, ಅದರ ಗೋಡೆ ಕಂಬಗಳೆಲ್ಲ ದಂತಮಯವಾಗಿದ್ದುವೆಂದೂ, ಮೇಲಿನ ತೊಲೆಗಳಲ್ಲಿ ಗುಲಾಬಿಯನ್ನೂ ತಾವರೆಯನ್ನೂ ದಂತದಲ್ಲಿಯೇ ಕೆತ್ತಿದ್ದರೆಂದೂ ಹೇಳುತ್ತಾನೆ. ಹೊಳೆಯ ಮೇಲುಗಡೆಯ ಹೂವಿನಹಡಗಲಿಯಿಂದ ವಿರೂಪಾಕ್ಷನ ಪೂಜೆಗೆ ಹೂವು ದೋಣಿಗಳಲ್ಲಿ ಇಳಿದುಬರುತ್ತಿತ್ತೆಂಬ ಐತಿಹ್ಯವು ಊರಿನ ಹೆಸರಿನೊಡನೆ ಸೇರಿಕೊಂಡು ಇಂದಿಗೂ ಬಳಕೆಯಲ್ಲಿದೆ. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, ೧೫೦೯-೧೦ರಲ್ಲಿ, ವಿರೂಪಾಕ್ಷದೇವರ ರಂಗಮಂಟಪವನ್ನು ಕಟ್ಟಿಸಿದಾಗ ಸ್ವಾಮಿಗೆ ಅರ್ಪಿಸಿದ ವಸ್ತುಗಳಲ್ಲಿ ನವರತ್ನಖಚಿತವಾದ ಚಿನ್ನದ ಕಮಲವೂ ಒಂದೆಂದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ.

ಚಿನ್ನದ ಕಮಲವಾಗಲಿ ದಂತದ ಗುಲಾಬಿಯಾಗಲಿ ಇಂದು ನೋಡಲು ಸಿಕ್ಕುವಂತಿಲ್ಲ. ೧೫೬೫ರ ಯುದ್ಧಾನಂತರ ಪಟ್ಟಣವು ಹಾಳಾದಾಗ ಅರಮನೆಯ ದಂತದ ಕೆಲಸವೂ ಹೋಯಿತು. ಕಲ್ಲಿನ ಹೂಗಳು ಮಾತ್ರ ಉಳಿದಿವೆ. ವಿಜಯನಗರ ಕಾಲದ ಮಂಟಪಗಳಲ್ಲಿ ಕಂಬದ ತಲೆಯಿಂದ ಹೊರಚಾಚಿ, ತುದಿಯಲ್ಲಿ ಮೊಗ್ಗಿನಂತೆ ಕೆಳಕ್ಕೆ ಇಳಿದಿರುವ ಬೋದಿಗೆಗೆ ಶಿಲ್ಪಶಾಸ್ತ್ರದಲ್ಲಿ ಪುಷ್ಪಪೋತಿಕೆಯೆಂದು ಹೆಸರು. ಹೊರಗೋಡೆಗಳಲ್ಲಿ ಕುಂಭಪಂಜರವೆಂಬ ಅಲಂಕಾರವುಂಟು; ತುಂಬಿದ ಕಲಶವೊಂದರಿಂದ ಲತೆಗಳು ಉಕ್ಕಿ ಇಕ್ಕೆಲಗಳಲ್ಲಿಯೂ ಸುರುಳಿಯಾಗಿ ಇಳಿಯುತ್ತವೆ, ನಡುವಿನಿಂದ ಕಂಬವು ಮೇಲೇಳುತ್ತದೆ. ಬಾಗಿಲುವಾಡಗಳಲ್ಲಿ ಕಾಣುವ ಪೂರ್ಣಕುಂಭವೂ ಇದೇ ಜಾತಿಯದು. ಪಾಶ್ಚಾತ್ಯ ಚಿತ್ರಕಾರರು ಮೇಜಿನ ಮೇಲೆ ಕುಂಡವನ್ನಿಟ್ಟು, ಅದರಲ್ಲಿ ಹೂಗಳನ್ನು ಜೋಡಿಸಿ, ಎದುರು ಕುಳಿತು ಬರೆಯುವ ವಸ್ತುಚಿತ್ರಕ್ಕೆ ಈ ನಾಡಿನಲ್ಲಿ ಹೋಲಿಕೆಯನ್ನು ಹುಡುಕುವುದಾದರೆ ಪೂರ್ಣಕುಂಭವೇ ಅತ್ಯಂತ ಹತ್ತಿರದ್ದು. ಕಲಶ, ನೀರು, ಹೂವು, ಎಲೆ, ಎಲ್ಲವೂ ಅಲ್ಲಿವೆ. ಆದರೆ ಅದರ ಉದ್ದೇಶ ಬೇರೆ. ಅದು ಮಂಗಳದ ಚಿಹ್ನೆ. ಯಾವುದೋ ಒಂದು ದಿನ ಯಾವುದೋ ಒಂದು ಗಿಡದಲ್ಲಿ ಅರಳಿದ ಹೂವಿನ ಪ್ರತಿಕೃತಿಯಲ್ಲ.

ಕಲ್ಲಿನಿಂದ ಬಣ್ಣಕ್ಕೆ ಬರುವುದಾದರೆ, ಹಂಪೆಯಲ್ಲಿ ನೋಡತಕ್ಕದ್ದು ವಿರೂಪಾಕ್ಷ ದೇವಾಲಯದ ಅದೇ ರಂಗಮಂಟಪದ ಛಾವಣಿ. ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ, ಗಿರಿಜಾಕಲ್ಯಾಣ, ತ್ರಿಪುರಸಂಹಾರ, ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವುದು, ದಶಾವತಾರಗಳು, ದಿಕ್ಪಾಲಕರು, ಇವೆಲ್ಲ ಅಲ್ಲಿ ಸಾಲುಸಾಲಾಗಿ ಚಿತ್ರಿತವಾಗಿವೆ. ಇವು ವಿಜಯನಗರ ಕಾಲದವೇ ಎಂದು ಕೆಲವು ವಿದ್ವಾಂಸರೂ, ಈಗ ಕಾಣುವ ಚಿತ್ರಗಳು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವು ಎಂದು ಮತ್ತೆ ಕೆಲವರೂ ಅಭಿಪ್ರಾಯಪಡುತ್ತಾರೆ. ಪ್ರಕೃತಕ್ಕೆ ಮುಖ್ಯವಾದದ್ದು ಅಲ್ಲಿಯ ಮನ್ಮಥನ ಚಿತ್ರ. ಕಬ್ಬಿನ ಬಿಲ್ಲನ್ನು ಹಿಡಿದ ಮನ್ಮಥನು ತಪೋನಿರತನಾದ ಶಿವನ ಮೇಲೆ ಹೂಬಾಣವನ್ನು ಹೂಡಿದ್ದಾನೆ. ಶಿವನು ಕಾಮನನ್ನು ದಹಿಸಿದ್ದು ಎದುರಿನ ಹೇಮಕೂಟದ ಮೇಲೆಯೇ ಎಂಬುದು ಸ್ಥಳಪುರಾಣ. ದೇವಾಲಯದ ಬಳಿಯ ಹೊಂಡಕ್ಕೂ ಮನ್ಮಥನ ಹೆಸರೇ ಇದೆ. ಆ ಬಿಲ್ಲಿಗೆ ತಕ್ಕ ಕಬ್ಬು ಹೊಳೆಯ ಕೆಳಗಡೆ ಕಂಪ್ಲಿಯ ಗದ್ದೆಗಳಲ್ಲಿ ಇಂದಿಗೂ ಬೆಳೆಯುತ್ತದೆ. ಹೀಗೆ ಚಿತ್ರ, ಪುರಾಣ, ನೆಲ ಮೂರೂ ಒಂದೆಡೆ ಕೂಡಿವೆ.

ಮನ್ಮಥನ ಬಾಣಗಳು ಐದು: ಅರವಿಂದ, ಅಶೋಕ, ಚೂತ, ನವಮಲ್ಲಿಕೆ, ನೀಲೋತ್ಪಲ. ಪಾಠಶಾಲೆಯ ಬಾಲಕನಿಗೂ ಇವು ಬಾಯಿಗೆ ಬರುತ್ತವೆ. ಆದರೆ ಛಾವಣಿಯ ಕಡೆಗೆ ಕತ್ತೆತ್ತಿ, ಆ ಬಾಣದ ತುದಿಯ ಹೂವು ಯಾವುದೆಂದು ಕೇಳಿದರೆ ಉತ್ತರವು ಸುಲಭವಲ್ಲ. ಅಂಚುಪಟ್ಟಿಗಳಲ್ಲಿ ಹಬ್ಬಿದ ಬಳ್ಳಿಗೂ, ದೇವತೆಗಳ ಕೊರಳ ಹಾರಕ್ಕೂ ಇದೇ ಮಾತು ಸಲ್ಲುತ್ತದೆ. ದುಂಡಾದ ಎಸಳು, ನಡುವೆ ಒಂದು ಬೊಟ್ಟು. ನೋಡಿದವನು ಅದನ್ನು ಹೂವೆಂದು ತಿಳಿಯುತ್ತಾನೆ, ಇಂಥ ಹೂವೆಂದು ತಿಳಿಯುವುದಿಲ್ಲ. ಅಚ್ಯುತರಾಯನ ಕಾಲದ ಲೇಪಾಕ್ಷಿಯ ಛಾವಣಿಯಲ್ಲಿಯೂ ಸ್ತ್ರೀಯರ ಸೀರೆಗಳ ಮೇಲೆ ಹೂವಿನ ಮಾದರಿಗಳು ಬಗೆಬಗೆಯಾಗಿವೆ; ಅವು ನೇಕಾರನ ಹೂಗಳು, ತೋಟಗಾರನವಲ್ಲ. ಇದು ಚಿತ್ರಕಾರನ ಅಶಕ್ತಿಯೆಂದು ಎಣಿಸಕೂಡದು. ಆ ಸಂಪ್ರದಾಯದಲ್ಲಿ ಹೂವಿಗೆ ಸ್ವತಂತ್ರವಾದ ಪೀಠವಿರಲಿಲ್ಲ. ಅದು ದೇವರ ಕೈಯಲ್ಲಿರಬೇಕು, ಕೊರಳಲ್ಲಿರಬೇಕು, ಇಲ್ಲವೆ ಅಂಚಿನಲ್ಲಿರಬೇಕು.

ಚಿತ್ರಕಾರನಿಗೆ ಶಕ್ತಿಯಿದ್ದಿತೆಂಬುದಕ್ಕೆ ಶಾಸ್ತ್ರಗ್ರಂಥವೇ ಸಾಕ್ಷಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಅಭಿಲಷಿತಾರ್ಥಚಿಂತಾಮಣಿಯಲ್ಲಿ, ಮಾನಸೋಲ್ಲಾಸವೆಂದೂ ಅದಕ್ಕೆ ಹೆಸರು, ಚಿತ್ರಕರ್ಮಕ್ಕೆ ಒಂದು ಭಾಗವೇ ಮೀಸಲಾಗಿದೆ. ಆ ಗ್ರಂಥದ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಗೊಳಿಸಿದರು. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೇಯಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಕ್ರಮ, ಆ ಅಂಟಿನೊಡನೆ ಬಿಳಿಯ ಮಣ್ಣನ್ನು ಕಲಸಿ ಗೋಡೆಗೆ ಮೂರು ಸಲ ಬಳಿಯುವ ಕ್ರಮ, ಕಾಡಿಗೆಯನ್ನು ಅನ್ನದೊಡನೆ ಅರೆದು ರೇಖೆಗೆ ಬೇಕಾದ ವರ್ತಿಕೆಯನ್ನು ಮಾಡಿಕೊಳ್ಳುವ ಕ್ರಮ, ಕರುವಿನ ಕಿವಿಯ ಕೂದಲಿನಿಂದ ಕುಂಚವನ್ನು ಕಟ್ಟುವ ಕ್ರಮ, ಇವೆಲ್ಲ ಅಲ್ಲಿ ವಿವರವಾಗಿ ಹೇಳಲ್ಪಟ್ಟಿವೆ. ಕನ್ನಡಿಯಲ್ಲಿ ಕಂಡಂತೆ ವಸ್ತುವಿನ ಸಾದೃಶ್ಯವನ್ನು ಬರೆಯುವ ವಿದ್ಧಚಿತ್ರವೆಂಬ ಪ್ರಭೇದವನ್ನೂ ಆ ದೊರೆ ಬೇರೆಯಾಗಿ ಎಣಿಸಿದ್ದಾನೆ. ಇದ್ದುದನ್ನು ಇದ್ದಂತೆಯೇ ಬರೆಯುವ ವಿದ್ಯೆಯು ಪರದೇಶದಿಂದಲೇ ಬಂದಿತೆಂಬ ಮಾತಿಗೆ ಇದೊಂದೇ ಉತ್ತರ ಸಾಕು.

ಅಲ್ಲಿಯ ಬಣ್ಣಗಳ ಪಟ್ಟಿಯು ಕುತೂಹಲಕರವಾಗಿದೆ. ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ದರದ ಎಂದರೆ ಇಂಗಲೀಕ, ರಕ್ತವರ್ಣಕ್ಕೆ ಅರಗಿನಿಂದ ತೆಗೆದ ಅಲಕ್ತಕ, ಗೈರಿಕವೆಂಬ ಕೆಮ್ಮಣ್ಣು, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ದರದವನ್ನು ಶಂಖದೊಡನೆ ಬೆರೆಸಿದರೆ ಕೋಕನದದ, ಎಂದರೆ ಕೆಂದಾವರೆಯ, ಬಣ್ಣವು ಬರುತ್ತದೆಂದು ಹೇಳಿರುವುದನ್ನು ಗಮನಿಸಬೇಕು. ಬಣ್ಣಕ್ಕೆ ಹೆಸರಿಡುವಾಗ ಶಾಸ್ತ್ರಕಾರನಿಗೆ ನೆನಪಾದದ್ದು ಹೂವು. ಪಾದರಿಯ ಹೂವಿನಿಂದ ಪಾಟಲವರ್ಣವೆಂಬ ಹೆಸರು ಹುಟ್ಟಿತು. ಮನೆಮಾತಿನಲ್ಲಿಯೂ ಸಂಪಿಗೆಯ ಬಣ್ಣ, ದಾಸವಾಳದ ಕೆಂಪು, ತುಂಬೆಹೂವಿನ ಬಿಳುಪು ಎಂದೇ ವ್ಯವಹಾರ. ಇನ್ನು ಗೈರಿಕವಾದರೋ ಈ ಪ್ರಾಂತದವರಿಗೆ ಹೊಸದಲ್ಲ. ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರಿನಿಂದ ತುಂಬಿದುವು. ಕೆಮ್ಮಣ್ಣಿನ ಕೆಂಪೂ ಆ ಲೋಹದ ಕಿಲುಬಿನಿಂದಲೇ ಬಂದದ್ದು. ಮಳೆಗಾಲದಲ್ಲಿ ಸಂಡೂರಿನ ಹಳ್ಳಗಳು ಹರಿಯುವ ಬಣ್ಣವನ್ನು ನೋಡಿದವರಿಗೆ ಗೈರಿಕವೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಇಲ್ಲಿ ಜಲವರ್ಣದ ವಿಷಯವಾಗಿ ಒಂದು ಭೇದವನ್ನು ತಿಳಿಯುವುದು ಅವಶ್ಯ. ಪುಡಿಯನ್ನು ನೀರಿನಲ್ಲಿಯೂ ಅಂಟಿನಲ್ಲಿಯೂ ಅರೆದು ಬಳಿಯುವುದು ಎರಡು ಕಡೆಯೂ ಸಮಾನವೇ. ಆದರೆ ಸೋಮೇಶ್ವರನ ಕ್ರಮದಲ್ಲಿ ಬಿಳುಪೆಂಬುದು ಒಂದು ಬಣ್ಣ. ಶಂಖದ ಪುಡಿಯನ್ನು ಬೆರೆಸಿ ಕೆಳಗಿನದು ಕಾಣದಂತೆ ದಟ್ಟವಾಗಿ ಹಚ್ಚುವುದು. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಿಂದ ವಿಶೇಷವಾಗಿ ಬೆಳೆದ ಕ್ರಮದಲ್ಲಿ ಬಿಳುಪನ್ನು ಹಚ್ಚುವುದೇ ಇಲ್ಲ. ಕಾಗದದ ಬಿಳುಪನ್ನೇ ಮುಟ್ಟದೆ ಬಿಡುವುದು. ಬಣ್ಣವನ್ನು ಹೆಚ್ಚು ನೀರಿನಲ್ಲಿ ತೆಳುವಾಗಿ ಕದಡಿ, ಒಂದು ಪದರವು ಒಣಗಿದ ಮೇಲೆ ಮತ್ತೊಂದನ್ನು ಹಾಯಿಸಿದರೆ, ಕೆಳಗಿನ ಕಾಗದವು ಬೆಳಕನ್ನು ಹಿಂದಿರುಗಿಸಿ ಎಸಳಿಗೆ ಕಾಂತಿಯನ್ನು ಕೊಡುತ್ತದೆ. ಮಲ್ಲಿಗೆಯ ದಂಡೆಯನ್ನು ಬರೆಯುವವನು ಮಲ್ಲಿಗೆಯನ್ನು ಬರೆಯುವುದಿಲ್ಲ. ಅದರ ಹಿಂದಿನ ನೆರಳನ್ನೂ ಎಲೆಯ ಹಸುರನ್ನೂ ಬರೆದು, ಮಲ್ಲಿಗೆಯ ಆಕಾರವನ್ನು ಖಾಲಿ ಬಿಡುತ್ತಾನೆ. ತಪ್ಪಿದರೆ ಅಳಿಸಿ ತಿದ್ದುವುದಕ್ಕೆ ಬಹಳ ಅವಕಾಶವಿಲ್ಲ. ಹೂವಾದರೂ ಕಾಯುವುದಿಲ್ಲ, ಬೆಳಿಗ್ಗೆ ಬಿಗಿದಿದ್ದ ದಾಸವಾಳವು ಸಂಜೆಗೆ ಮುದುಡುತ್ತದೆ. ಆದುದರಿಂದ ಮೊದಲು ಹೂವಿನ ಎಸಳುಗಳನ್ನು ಬರೆದು, ಕಲಶವನ್ನೂ ಎಲೆಗಳನ್ನೂ ಕೊನೆಗೆ ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ.

ಈ ಕಾಗದದ ಕ್ರಮವು ಹಂಪೆಗೆ ಬಂದದ್ದು ಸರ್ವೇಕ್ಷಣದವರ ಮೂಲಕ. ಶ್ರೀರಂಗಪಟ್ಟಣವು ಬಿದ್ದ ವರ್ಷವೇ, ೧೭೯೯ರಲ್ಲಿ, ಕರ್ನಲ್ ಕಾಲಿನ್ ಮೆಕೆಂಜಿಯು ಹಾಳುಹಂಪೆಯನ್ನು ಅಳೆಸಿ ಅದರ ಮೊದಲ ನಕ್ಷೆಯನ್ನು ಜಲವರ್ಣದಲ್ಲಿ ಸಿದ್ಧಪಡಿಸಿದನು. ಮುಂದೆ ೧೮೧೫ರಲ್ಲಿ ಆತನು ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯ ಪಂಡಿತರು ಆತನಿಗೆ ಶಾಸನ ಕೈಫಿಯತ್ತುಗಳನ್ನು ಸಂಗ್ರಹಿಸಿಕೊಟ್ಟರು. ಗುಡಿ, ಬೆಟ್ಟ, ಹೊಳೆ ಇವು ಕಾಗದದ ಮೇಲೆ ಬಂದವು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿಯು ಹಂಪೆಯನ್ನು ಛಾಯಾಚಿತ್ರದಲ್ಲಿ ಹಿಡಿದನು. ಕಟ್ಟಡವನ್ನು ದಾಖಲೆಮಾಡುವ ಕೆಲಸಕ್ಕೆ ಛಾಯಾಚಿತ್ರವೇ ಮುಂದಾಯಿತು. ಆದರೆ ಅಂದಿನ ಛಾಯಾಚಿತ್ರಕ್ಕೆ ಬಣ್ಣವಿರಲಿಲ್ಲ. ಹೂವಿನ ವಿಷಯದಲ್ಲಿ ಕುಂಚಕ್ಕೆ ಎದುರಾಳಿಯೇ ಇರಲಿಲ್ಲ.

ಹೂವನ್ನು ಹೂವಿಗಾಗಿಯೇ ಕಾಗದದಲ್ಲಿ ಬರೆಯಿಸಿದವರು ವೈದ್ಯರು. ಔಷಧಕ್ಕೆ ಗಿಡಮೂಲಿಕೆಗಳ ಜ್ಞಾನವು ಬೇಕಾಗಿದ್ದುದರಿಂದ ಕಂಪೆನಿಯ ವೈದ್ಯಾಧಿಕಾರಿಗಳಲ್ಲಿ ಅನೇಕರು ಸಸ್ಯಶಾಸ್ತ್ರಜ್ಞರೂ ಆಗಿದ್ದರು. ೧೮೨೦ರಲ್ಲಿ ಮದರಾಸಿನಲ್ಲಿ ಹುಟ್ಟಿದ ಹ್ಯೂ ಕ್ಲೆಗ್‌ಹಾರ್ನನು ೧೮೪೫ರಿಂದ ಎರಡು ವರ್ಷಗಳ ಕಾಲ ಶಿವಮೊಗ್ಗೆಯಲ್ಲಿದ್ದಾಗ ದಿನಕ್ಕೊಂದು ಗಿಡದಂತೆ ಅಭ್ಯಾಸಮಾಡುವ ವ್ರತವನ್ನು ಕೈಕೊಂಡು, ಒಬ್ಬ ಮರಾಠಿ ಚಿತ್ರಕಾರನಿಂದ ಅವುಗಳ ಚಿತ್ರಗಳನ್ನು ಬರೆಯಿಸಿದನು. ಆ ಸಂಗ್ರಹವು ಇಂದು ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿದೆ. ಇಂಥ ಚಿತ್ರಗಳಲ್ಲಿ ದೇವರಿಲ್ಲ, ಅಂಚಿಲ್ಲ, ಕಲಶವೂ ಇಲ್ಲ. ಬಿಳಿಯ ಹಾಳೆಯ ನಡುವೆ ಒಂದು ಕೊಂಬೆ. ಅದರ ಮೊಗ್ಗು, ಹೂವು, ಕಾಯಿ. ಪಕ್ಕದಲ್ಲಿ ಸೀಳಿದ ಹೂವಿನ ಒಳಭಾಗ. ಗಿಡದ ಹೆಸರಿದೆ. ಬರೆದವನ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ತೋರಲಿಲ್ಲ.

ಇದಕ್ಕೆ ಅಪವಾದವೂ ಉಂಟು. ಮದರಾಸು ಪ್ರಾಂತದಲ್ಲಿ ರಾಬರ್ಟ್ ವೈಟ್ ಎಂಬ ವೈದ್ಯನು ರಂಗಯ್ಯ, ಗೋವಿಂದು ಎಂಬ ಇಬ್ಬರು ತೆಲುಗು ಚಿತ್ರಕಾರರಿಂದ ಬರೆಯಿಸಿದ ಸಸ್ಯಚಿತ್ರಗಳನ್ನು ೧೮೪೦ ಮೊದಲು ೧೮೫೩ರ ವರೆಗೆ ಆರು ಸಂಪುಟಗಳಲ್ಲಿ ಅಚ್ಚುಹಾಕಿಸಿದನು. ಆ ಕೆಲಸದ ಕೊನೆಯಲ್ಲಿ ಒಂದು ಸೀತಾಳೆಯ ಜಾತಿಗೆ ಗೋವಿಂದುವಿನ ಹೆಸರನ್ನೇ ಇಟ್ಟು ಗೌರವಿಸಿದನು. ಮುಂದಿನ ಶಾಸ್ತ್ರಜ್ಞರು ಆ ಗಿಡವನ್ನು ಬೇರೊಂದು ಕುಲಕ್ಕೆ ಸೇರಿಸಿದ್ದರಿಂದ ಆ ನಾಮಧೇಯವು ಬಳಕೆಯಲ್ಲಿ ನಿಲ್ಲಲಿಲ್ಲ; ಆದರೆ ಹೂವನ್ನು ಬರೆದವನ ಹೆಸರು ಹೂವಿಗೇ ಬಂದ ಆ ಸಂಗತಿ ಚರಿತ್ರೆಯಲ್ಲಿ ನಿಂತಿದೆ. ಮೈಸೂರು ಸಂಸ್ಥಾನದಲ್ಲಿ ೧೮೭೪ರಿಂದ ೧೯೦೮ರ ವರೆಗೆ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರೂನನ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ತೋಟದ ಗಿಡಗಳನ್ನು ಜಲವರ್ಣದಲ್ಲಿ ಬರೆದರು; ಅವರ ಹೆಸರೂ ಚಿತ್ರಗಳೂ ಉಳಿದಿರುವುದು ಸಂತೋಷದ ವಿಷಯ. ಅನಂತರ ಮೈಸೂರಿನ ಕೆ. ವೆಂಕಟಪ್ಪನವರು ಜಲವರ್ಣವನ್ನು ಭೂದೃಶ್ಯಕ್ಕೆ ಒಲಿಸಿಕೊಂಡರು. ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನೇ ತಮ್ಮ ಚಿತ್ರಗಳ ವಸ್ತುವಾಗಿ ಮಾಡಿಕೊಂಡರು.

ಈ ಚರಿತ್ರೆಯನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಕೊರತೆಯು ಎದ್ದುಕಾಣುತ್ತದೆ. ಛಾವಣಿಯ ಚಿತ್ರಕಾರನು ಹೂವಿಗೆ ಸ್ಥಾನವನ್ನು ಕೊಟ್ಟನು, ಗುರುತನ್ನು ಕೊಡಲಿಲ್ಲ. ಕಾಗದದ ಚಿತ್ರವು ಹೂವಿಗೆ ಗುರುತನ್ನು ಕೊಟ್ಟಿತು. ಆದರೆ ಅದನ್ನು ಬೆಳೆದ ತೋಟ, ಕಟ್ಟಿದ ಕೈ, ಮುಡಿದ ತಲೆ, ಏರಿದ ಪೀಠ ಇವೆಲ್ಲದರಿಂದಲೂ ಅದನ್ನು ಬಿಡಿಸಿತು. ಇವೆರಡೂ ಕೂಡದಿದ್ದುದರಿಂದ ಚರಿತ್ರಕಾರನಿಗೆ ಆದ ನಷ್ಟವು ಅಲ್ಪವಲ್ಲ. ಒಂದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ದಸರೆಯಲ್ಲಿ ಮನೆಬಾಗಿಲಿಗೆಲ್ಲ ಕಟ್ಟುವ ಚೆಂಡುಹೂವು ಈ ನಾಡಿನದಲ್ಲ. ಅದರ ತವರು ಅಮೆರಿಕಾ ಖಂಡದ ಮೆಕ್ಸಿಕೋ. ಅಬ್ದುರ್ ರಜಾಕನು ತಿರುಗಾಡಿದ ೧೪೪೩ರ ಪೇಟೆಯಲ್ಲಿ ಅದು ಇದ್ದಿರಲಾರದು. ಅಂಗಳದ ಚಪ್ಪರಕ್ಕೆ ಹಬ್ಬಿಸುವ ಕಾಗದದ ಹೂವೂ ದಕ್ಷಿಣ ಅಮೆರಿಕಾದಿಂದ ಬಂದದ್ದು. ಯಾವ ತಲೆಮಾರಿನಲ್ಲಿ ಈ ಪರದೇಶದ ಹೂವು ವಿರೂಪಾಕ್ಷನ ಪೂಜೆಗೆ ಸಂದಿತು? ಹಳೆಯ ಚಿತ್ರಕಾರನೊಬ್ಬನು ದೇವರ ಹಾರವನ್ನು ಕಂಡಂತೆ ಬರೆದು ವರ್ಷವನ್ನು ನಮೂದಿಸಿದ್ದರೆ ಆ ಪ್ರಶ್ನೆಗೆ ಉತ್ತರವು ಆ ಹಾಳೆಯಲ್ಲಿಯೇ ಇರುತ್ತಿತ್ತು. ರಾಜರ ವಂಶಾವಳಿಯನ್ನು ಶಾಸನವು ಹೇಳುತ್ತದೆ. ಜನರ ತೋಟದ ವಂಶಾವಳಿಯನ್ನು ಹೇಳಬಲ್ಲ ಸಾಧನಗಳಲ್ಲಿ ಹೂವಿನ ಚಿತ್ರವು ಮುಖ್ಯವಾದದ್ದು.

ಈ ಮಾತು ಭೂತಕಾಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮಂಟಪದ ಛಾವಣಿಯ ಬಣ್ಣಗಳು ಕಾಲದಿಂದಲೂ ಹೊಗೆಯಿಂದಲೂ ಮಬ್ಬಾಗಿವೆ. ಸಂಡೂರಿನ ಬೆಟ್ಟಗಳಲ್ಲಿ ಗಣಿಗಳು ಹೆಚ್ಚಿ, ೨೦೧೧ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ತಡೆದು, ಅನಂತರ ನಿಬಂಧನೆಗಳೊಡನೆ ಪುನಃ ಅನುಮತಿಸಿದ್ದು ಎಲ್ಲರಿಗೂ ತಿಳಿದದ್ದೇ. ಬೆಟ್ಟದ ಮೈಯನ್ನು ಅಗೆದ ಮೇಲೆ ಅದಿರಿನ ಲೆಕ್ಕವು ಕಾಗದದಲ್ಲಿ ಉಳಿಯುತ್ತದೆ. ಅದರ ಮೇಲೆ ಅರಳುತ್ತಿದ್ದ ಹೂವಿನ ಲೆಕ್ಕವನ್ನು ಇಡುವವರಾರು? ಗೈರಿಕವನ್ನು ಚಿತ್ರಕಾರನಿಗೆ ಕೊಟ್ಟ ಜಾತಿಯ ಆ ಕೆಂಪು ಮಣ್ಣೇ ಧೂಳಾಗಿ ಎದ್ದು ದಾರಿಬದಿಯ ಎಲೆಗಳನ್ನು ಮುಚ್ಚುವುದನ್ನು ಆ ರಸ್ತೆಯಲ್ಲಿ ಹೋದವರು ಕಂಡಿದ್ದಾರೆ.

ಆದುದರಿಂದ ವಿದ್ಯಾವಂತರ ಮನೆಗಳಲ್ಲಿ ಮಾಡಬಹುದಾದ ಒಂದು ಕಾರ್ಯವುಂಟು. ಅದಕ್ಕೆ ಧನವ್ಯಯವೂ ಹೆಚ್ಚಿಲ್ಲ. ಶಾಲೆಯ ಮಕ್ಕಳು ಚಿತ್ರಕಲೆಯ ಪರೀಕ್ಷೆಗಾಗಿ ನಿಸರ್ಗಚಿತ್ರವನ್ನೂ ವಸ್ತುಚಿತ್ರವನ್ನೂ ಅಭ್ಯಾಸಮಾಡುತ್ತಾರೆ. ಬಣ್ಣದ ಪೆಟ್ಟಿಗೆಯೂ ಕುಂಚವೂ ಅವರ ಚೀಲದಲ್ಲಿಯೇ ಇರುತ್ತವೆ. ಪುಸ್ತಕದ ಮಾದರಿಯನ್ನು ನಕಲುಮಾಡುವ ಬದಲು, ಹಿತ್ತಿಲಿನ ನಂದಬಟ್ಟಲನ್ನೋ, ಬಸವಣ್ಣ ಕಾಲುವೆಯ ದಂಡೆಯಲ್ಲಿ ಕಂಡ ಹೂವನ್ನೋ, ಕಂಪ್ಲಿಯ ಕೆರೆಯ ನೈದಿಲೆಯನ್ನೋ, ಸಂಡೂರಿನ ಕುಮಾರಸ್ವಾಮಿಯ ಬೆಟ್ಟದಿಂದ ಬಂದ ಹೆಸರು ತಿಳಿಯದ ಕಾಡುಹೂವನ್ನೋ ಅಜ್ಜಿಯ ಹಿತ್ತಾಳೆಯ ಚೊಂಬಿನಲ್ಲಿಟ್ಟು ಎದುರಿಗೆ ಕುಳಿತು ಬರೆಯಲಿ. ಬರೆದಾದ ಮೇಲೆ ಹಾಳೆಯ ಕೆಳಗೆ ನಾಲ್ಕು ಸಂಗತಿಗಳನ್ನು ನಮೂದಿಸಲಿ: ಹೂವಿಗೆ ಮನೆಯ ಹಿರಿಯರು ಹೇಳುವ ಹೆಸರು, ಅದು ಅರಳಿದ ಊರು, ಬರೆದ ತಾರೀಖು, ಬರೆದವರ ಹೆಸರು. ಇವುಗಳಲ್ಲಿ ಮೊದಲಿನ ಮೂರನ್ನು ಹಂಪೆಯ ಚಿತ್ರಕಾರನೂ, ಕೊನೆಯದನ್ನು ಕ್ಲೆಗ್‌ಹಾರ್ನನೂ ಬಿಟ್ಟರು. ಚಿತ್ರವು ಅಂದವಾಗಿಲ್ಲವೆಂದು ಹಾಳೆಯನ್ನು ಹರಿದುಹಾಕಬಾರದು. ಐವತ್ತು ವರ್ಷಗಳ ತರುವಾಯ ಅದನ್ನು ತೆರೆದು ನೋಡುವವರಿಗೆ, ಈ ಊರಿನಲ್ಲಿ ಈ ದಿನ ಈ ಹೂವು ಇದ್ದಿತು, ಇಂಥವರು ಅದನ್ನು ಕಂಡರು ಎಂಬುದು ನಿಶ್ಚಯವಾಗಿ ತಿಳಿದುಬರುವುದು.